ಬಟನ್ ಒತ್ತುವ ಮೊದಲಿನ 30 ಸೆಕೆಂಡು: ಪೊಲೀಸರ ಬಾಡಿ ಕ್ಯಾಮೆರಾ ಬಗ್ಗೆ ಒಂದು ಟಿಪ್ಪಣಿ

ಪಿಎಸ್‌ಐ ಪರೀಕ್ಷೆಗೆ ನನ್ನ ಜೊತೆ ಓದುತ್ತಿರುವವರಿಗಾಗಿ ಇದು. ನಿನ್ನೆ ರಾತ್ರಿಯಷ್ಟೇ ತಲೆಗೆ ಹೋದ ವಿಷಯ, ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ.

ಕಾನೂನಿನ ಭಾಗ ಸುಲಭ. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರ ಆಗಸ್ಟ್‌ನಲ್ಲಿ 167ಎ ಸೇರಿತು. ಸ್ಪೀಡ್ ಗನ್, ಸಿಸಿಟಿವಿ ಜೊತೆಗೆ ಮೈಮೇಲೆ ಧರಿಸುವ ಕ್ಯಾಮೆರಾವೂ ಅದರಲ್ಲಿದೆ. ಚಲನ್ ಇತ್ಯರ್ಥ ಆಗುವವರೆಗೆ ರೆಕಾರ್ಡಿಂಗ್ ಇಟ್ಟಿರಬೇಕು. ಆದರೆ ಈ ನಿಯಮ ನೋಡುವುದು ಸವಾರನ ತಪ್ಪನ್ನು. ಅದೇ ಕ್ಯಾಮೆರಾ ಇಟ್ಟುಕೊಂಡು ಪೊಲೀಸರ ನಡವಳಿಕೆ ಗಮನಿಸುವುದು ಹೇಗೆ ಅನ್ನೋದು ಬೇರೆ ಪ್ರಶ್ನೆ.

ನಾನು ಎಡವಿದ್ದು ಇಲ್ಲಿ: ರೆಕಾರ್ಡಿಂಗ್ ಬಟನ್ ಒತ್ತುವ ಮೊದಲಿನ ದೃಶ್ಯ ವಿಡಿಯೋದಲ್ಲಿ ಹೇಗೆ ಬರುತ್ತದೆ?

ಹಲವು ಕ್ಯಾಮೆರಾಗಳು ಆನ್ ಆಗಿದ್ದಷ್ಟು ಹೊತ್ತೂ ನೋಡುತ್ತಲೇ ಇರುತ್ತವೆ, ಆದರೆ ಉಳಿಸಿಕೊಳ್ಳುವುದಿಲ್ಲ. 30 ಗೆರೆಯ ಸ್ಲೇಟು ಅಂದುಕೊಳ್ಳಿ. ಸೆಕೆಂಡಿಗೊಂದು ಗೆರೆ ಬರೆಯಬೇಕು. ಸ್ಲೇಟು ತುಂಬಿದ ಮೇಲೆ ಎಲ್ಲಕ್ಕಿಂತ ಹಳೆಯ ಗೆರೆ ಅಳಿಸಿ ಅಲ್ಲೇ ಹೊಸದು. ಬಟನ್ ಒತ್ತಿದ ಕ್ಷಣ ಅಳಿಸುವುದು ನಿಲ್ಲುತ್ತದೆ, ಸ್ಲೇಟಿನಲ್ಲಿ ಇದ್ದಷ್ಟು ವಿಡಿಯೋದ ಆರಂಭಕ್ಕೆ ಸೇರಿಕೊಳ್ಳುತ್ತದೆ. ಸಾಮಾನ್ಯವಾಗಿ ಈ ತುಣುಕಿಗೆ ದನಿ ಇರುವುದಿಲ್ಲ.

ಇದನ್ನು ಮಡಿಕೇರಿಯ ಜನರಲ್ ತಿಮ್ಮಯ್ಯ ವೃತ್ತದಲ್ಲಿಟ್ಟು ನೋಡಿದೆ. 10:14:10ಕ್ಕೆ ಪೊಲೀಸ್ ಕೈ ಅಡ್ಡ ಹಿಡಿದರು, ಸ್ಕೂಟರ್ ನಿಂತಿತು. 10:14:25ಕ್ಕೆ ಬಟನ್ ಒತ್ತಿದರು. ಚಿತ್ರ 10:13:55ರಿಂದಲೇ ಸಿಗುತ್ತದೆ, ದನಿ 10:14:25ರಿಂದ ಮಾತ್ರ. ನಡುವಿನ 15 ಸೆಕೆಂಡು ಇಬ್ಬರೂ ಮಾತಾಡಿದ್ದಾರೆ, ತುಟಿ ಆಡುವುದು ಕಾಣುತ್ತದೆ, ಮಾತು ಕೇಳಿಸದು. "ಬಂದವರೇ ಬೈದರು" ಅಂತ ಸವಾರ ದೂರು ಕೊಟ್ಟರೆ ಆ ಬೈಗುಳ ಈ 15 ಸೆಕೆಂಡಿನಲ್ಲೇ ಇರಬಹುದು, ಅಲ್ವಾ? ಯಾರೋ ದನಿ ಕತ್ತರಿಸಿದ್ದಾರೆ ಅಂತ ನಾನು ಮೊದಲು ತಿಳಿದಿದ್ದೆ. ತಪ್ಪು, ಕ್ಯಾಮೆರಾ ಕೆಲಸ ಮಾಡುವ ರೀತಿಯೇ ಅದು. ಆದ್ದರಿಂದ ಮೇಲಧಿಕಾರಿ ಮೊದಲು ಕೇಳಬೇಕಾದ್ದು "ಬಟನ್ ಯಾವಾಗ ಒತ್ತಿದಿರಿ?" ಅಂತ. ಗಾಡಿ ನಿಲ್ಲಿಸುವ ಮುಂಚೆಯೇ ಒತ್ತಿದರೆ ಈ ಗೊಂದಲವೇ ಇಲ್ಲ.

ಕ್ಯಾಮೆರಾದಿಂದ ನಡವಳಿಕೆ ಸುಧಾರಿಸುತ್ತದೆಯೇ? ಅಮೆರಿಕದ ರಿಯಾಲ್ಟೋ ನಗರದಲ್ಲಿ 2012ರಲ್ಲಿ ಶುರುವಾದ ಬಾಡಿ ಕ್ಯಾಮೆರಾ ಪ್ರಯೋಗದ ವರ್ಷ ಪೊಲೀಸರ ಮೇಲಿನ ದೂರುಗಳು 24ರಿಂದ 3ಕ್ಕೆ ಇಳಿದವು. ರಾಜಧಾನಿ ವಾಷಿಂಗ್ಟನ್‌ನಲ್ಲಿ 2,224 ಪೊಲೀಸರನ್ನು ಗಮನಿಸಿದ ಅಧ್ಯಯನ 2017ರಲ್ಲಿ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ ಎಂದಿತು. ಎರಡನ್ನೂ ಉತ್ತರದಲ್ಲಿ ಬರೆಯಿರಿ, ಒಂದನ್ನೇ ಬರೆದರೆ ಅರ್ಧ ಉತ್ತರ. ದೂರು ಬಂದಾಗ ಮಾತ್ರ ವಿಡಿಯೋ ತೆರೆಯುವುದು ಸಾಲದು, ಸುಮ್ನೆ ಯಾವುದೋ ಒಂದು ದಿನದ್ದನ್ನೂ ತೆಗೆದು ನೋಡಬೇಕು ಅನ್ನೋದು ನನ್ನ ಅಭಿಪ್ರಾಯ.

ನಮ್ಮ ಕೊಡಗಿಗೆ ಇನ್ನೊಂದು ಮಾತು. ಜೂನ್ ಬಂದರೆ ರೈನ್‌ಕೋಟ್. ಕ್ಯಾಮೆರಾ ಎದೆಯ ಮೇಲೆ, ಕೋಟು ಅದರ ಮೇಲೆ. ವಿಡಿಯೋ ಪೂರ್ತಿ ಕಪ್ಪು, ಕೇಳಿಸುವುದು ಕೋಟಿನ ಮೇಲೆ ಬೀಳುವ ಮಳೆ. ಮಳೆಗಾಲದ ಡ್ಯೂಟಿಗೆ ಕಳಿಸುವಾಗಲೇ ಕ್ಯಾಮೆರಾವನ್ನು ಕೋಟಿನ ಹೊರಗೆ ಸಿಕ್ಕಿಸಿದ್ದಾರಾ, ಲೆನ್ಸ್ ಒರೆಸಿದ್ದಾರಾ ಅಂತ ನೋಡುವುದೂ ಮೇಲ್ವಿಚಾರಣೆಯ ಕೆಲಸವೇ.