ಕ್ಯಾನುಲಾ ಹಾಕುವಾಗ ಮಗುವಿಗೆ ಹಾಡು: ಯಾವಾಗ, ಹೇಗೆ

ಡ್ರಿಪ್‌ಗೆ ಕ್ಯಾನುಲಾ (ರಕ್ತನಾಳದೊಳಗೆ ಕೂರುವ ಸಣ್ಣ ಕೊಳವೆ) ಹಾಕುವಾಗ ಎಷ್ಟೋ ಮಕ್ಕಳು ಸೂಜಿ ತಾಗುವ ಮುಂಚೆಯೇ ಅಳಲು ಶುರುಮಾಡುತ್ತಾರೆ. ಕೈಗೆ ಟೂರ್ನಿಕೆಟ್ ಪಟ್ಟಿ ಬಿಗಿದು, ಸ್ಪಿರಿಟ್ ವಾಸನೆ ಮೂಗಿಗೆ ಬಡಿದರೆ ಸಾಕು. ಅದಕ್ಕೇ ಸೂಜಿಯ ಟ್ರೇ ಕಣ್ಣಿಗೆ ಬೀಳುವ ಮುಂಚೆ, ಸುಮಾರು 5 ನಿಮಿಷ ಮೊದಲೇ ಹಾಡು ಹಾಕಿ. ಪ್ಲಾಸ್ಟರ್ ಅಂಟಿಸಿ ಮಗು ಸಮಾಧಾನವಾಗುವ ತನಕ ನಿಲ್ಲಿಸಬೇಡಿ. ಚುಚ್ಚುವ ಹೊತ್ತಿಗಷ್ಟೇ ಹಾಕುತ್ತಾ ಹೋದರೆ, ಹಾಡು ಬಂತೆಂದರೆ ಸೂಜಿ ಬಂತು ಎಂದು ಮಗು ಕಲಿತುಬಿಡುತ್ತದೆ. ದಿನಗಟ್ಟಲೆ ವಾರ್ಡಿನಲ್ಲಿರುವ ಮಕ್ಕಳಿಗೆ ಇದು ದೊಡ್ಡ ತೊಂದರೆ. ಅದಕ್ಕೆ ಊಟದ ಹೊತ್ತಿನಲ್ಲೂ ಅದೇ ಹಾಡು ಕೇಳಿಸಿ.

1965ರಲ್ಲಿ ಸಂಶೋಧಕರಾದ ಮೆಲ್ಝಾಕ್ ಮತ್ತು ವಾಲ್ ಮಂಡಿಸಿದ ಗೇಟ್ ಕಂಟ್ರೋಲ್ ಸಿದ್ಧಾಂತದ ಪ್ರಕಾರ, ನೋವಿನ ಸಂದೇಶ ಬೆನ್ನುಹುರಿಯಲ್ಲೇ ಹೆಚ್ಚು ಕಡಿಮೆಯಾಗಬಲ್ಲದು. ಮಿದುಳಿನಿಂದ ಇಳಿದುಬರುವ ಸಂಕೇತಗಳಿಗೂ ಅದರಲ್ಲಿ ಪಾತ್ರವಿದೆ. ಗಮನ, ಭಯ ಇವೆರಡೂ ಲೆಕ್ಕಕ್ಕೆ ಬರುವುದು ಇಲ್ಲಿಯೇ, ಹಾಡು ಮುಟ್ಟುವುದೂ ಇವನ್ನೇ. ಕೆನಡಾದ ಎಡ್ಮಂಟನ್‌ನಲ್ಲಿ 3ರಿಂದ 11 ವರ್ಷದ 42 ಮಕ್ಕಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಹಾಡಿಲ್ಲದ ಗುಂಪಿನ ನೋವಿನ ಅಂಕ ಏರಿತು, ಹಾಡಿದ್ದ ಗುಂಪಿನದು ಹಾಗೆ ಏರಲಿಲ್ಲ. ಆದರೆ ಎಲ್ಲ ಮಕ್ಕಳನ್ನೂ ಸೇರಿಸಿ ನೋಡಿದಾಗ ಒಟ್ಟು ಸಂಕಟದಲ್ಲಿ ಖಚಿತ ವ್ಯತ್ಯಾಸ ಕಾಣಲಿಲ್ಲ. ನೀವು ವಿದ್ಯಾರ್ಥಿಗಳಾದರೆ ಪರೀಕ್ಷೆಯಲ್ಲಿ ಈ ಎರಡೂ ಫಲಿತಾಂಶ ಬರೆಯಿರಿ.

ಹಾಡನ್ನು ಮಗುವೇ ಆರಿಸಲಿ. ಹಸುಗೂಸಿಗೆ ಅಮ್ಮನ ದನಿಯ ಜೋಗುಳಕ್ಕಿಂತ ಬೇರೆ ಬೇಕಿಲ್ಲ. ಯಾರೂ ಏನೂ ಹೇಳದಿದ್ದರೆ ನಿಮಿಷಕ್ಕೆ 60ರಿಂದ 80 ತಾಳ ಬೀಳುವ ನಿಧಾನದ ವಾದ್ಯಸಂಗೀತ ಹಾಕಿ. ಎರಡೂ ಕಿವಿ ಮುಚ್ಚುವ ಹೆಡ್‌ಫೋನ್ ಬೇಡ, "ಈಗ ಕೈ ಅಲ್ಲಾಡಿಸಬೇಡ ಪುಟ್ಟಾ" ಎಂದದ್ದು ಕೇಳಿಸುವುದಿಲ್ಲ. ಚುಚ್ಚುವ ಕೈಯ ಎದುರು ಬದಿಗೆ ಸಣ್ಣ ಸ್ಪೀಕರ್ ಇಡಿ, ನೀವು ದನಿ ಎತ್ತದೆ ಮಾತಾಡುವಷ್ಟೇ ಸದ್ದಿರಲಿ. ಹಾಡನ್ನು ಮೊದಲೇ ಡೌನ್‌ಲೋಡ್ ಮಾಡಿ ಮೊಬೈಲನ್ನು ಫ್ಲೈಟ್ ಮೋಡ್‌ಗೆ ಹಾಕಿ. ಸೂಜಿ ಒಳಗಿರುವಾಗ ಜಾಹೀರಾತು ಅರಚಿದರೆ ಮಗು ಬೆಚ್ಚಿ ಕೈ ಎಳೆದುಕೊಳ್ಳುತ್ತದೆ, ರಕ್ತನಾಳ ಕೈತಪ್ಪುತ್ತದೆ.

ಫಲ ಸಿಕ್ಕಿತೇ ಎಂದು ತಿಳಿಯಲು ಮಗುವಿನ ನೋವನ್ನು ಅಳೆಯುವ ಫ್ಲಾಕ್ (FLACC) ಅಂಕ ಬರೆದಿಡಿ: ಮುಖ, ಕಾಲು, ಚಟುವಟಿಕೆ, ಅಳು, ಸಮಾಧಾನವಾಗುವಿಕೆ, ಒಂದೊಂದಕ್ಕೆ 0ಯಿಂದ 2, ಒಟ್ಟು 10. ಟೂರ್ನಿಕೆಟ್‌ಗೆ ಮೊದಲು, ಚುಚ್ಚುವಾಗ, ಮುಗಿದ ಮೇಲೆ, ಹೀಗೆ ಮೂರು ಸಲ ನೋಡಿ.

ಹಾಡಿದೆ ಎಂದು ಮರಗಟ್ಟಿಸುವ ಕ್ರೀಮ್ ಬಿಡುವಂತಿಲ್ಲ. ಎಮ್ಲಾ ಎಂಬ ಇಂಥ ಕ್ರೀಮ್ ಹಚ್ಚಿ ಕನಿಷ್ಠ 60 ನಿಮಿಷ ಕಾಯಬೇಕು. ಸೂಜಿ ಕಂಡರೆ ತಲೆಸುತ್ತಿ ಬೀಳುವ ದೊಡ್ಡ ಮಕ್ಕಳನ್ನು ಮಲಗಿಸಿಯೇ ಚುಚ್ಚಿ, ಬಿಪಿ ಇಳಿಯುವುದನ್ನು ಹಾಡು ತಡೆಯುವುದಿಲ್ಲ. ಸದ್ದನ್ನೇ ಸಹಿಸದ ಮಕ್ಕಳೂ ಇರುತ್ತಾರೆ, ಆಟಿಸಂ ಇದ್ದರಂತೂ ಮೊದಲು ಮನೆಯವರನ್ನು ಕೇಳಿ.