ಡಾಂಬರು ಹೊಸದು, ತಿರುವು ಮಾತ್ರ ಹಳೇದು

ಪ್ರಶ್ನೆ: ಮೂಡಿಗೆರೆ ಕಡೆಯ ನಮ್ಮ ರಸ್ತೆಗೆ ಹೊಸ ಡಾಂಬರು ಹಾಕುತ್ತಾರೆ, ಅಪಾಯದ ತಿರುವುಗಳನ್ನು ಹಾಗೇ ಬಿಡುತ್ತಾರೆ. ಅದೇ ಖರ್ಚಿನಲ್ಲಿ ಅವನ್ನೂ ನೇರ ಮಾಡಬಾರದಾ?

ಅದೇ ಖರ್ಚಿನಲ್ಲಿ ಆಗುವುದಿಲ್ಲ. ನೇರ ಮಾಡಬೇಕಾದರೆ ಪಕ್ಕದ ಕಾಫಿ ತೋಟವೋ ಕಾಡೋ ಬೇಕು. ಭೂಸ್ವಾಧೀನ, ಅರಣ್ಯ ಇಲಾಖೆಯ ಅನುಮತಿ, ಗುಡ್ಡ ಕಡಿಯುವುದು, ತಡೆಗೋಡೆ ಅಂತ ಖರ್ಚು ಬೆಳೆಯುತ್ತಲೇ ಹೋಗುತ್ತದೆ. ಆದರೆ ನಿಮ್ಮ ಆತಂಕ ಸರಿಯಾದದ್ದೇ. ಗುಂಡಿ ಇದ್ದಾಗ ನಿಧಾನ ಹೋಗುತ್ತಿದ್ದವರು ನುಣ್ಣನೆ ರಸ್ತೆಯಲ್ಲಿ ಜೋರಾಗಿ ಬರುತ್ತಾರೆ, ಅಲ್ವಾ? ಹಾಗಾಗಿ ಡಾಂಬರಿನ ಜೊತೆಗೇ ತಿರುವನ್ನೂ ಸರಿಪಡಿಸಬೇಕು. ಅದಕ್ಕೆ ನೇರ ಮಾಡಲೇಬೇಕು ಅಂತಿಲ್ಲ.

ಮೊದಲು ನೋಡಬೇಕಾದ್ದು ರಸ್ತೆಯ ವಾಲು. ನಡುವೆ ಉಬ್ಬಿ ಎರಡೂ ಕಡೆ ಇಳಿದ ರಸ್ತೆಯಲ್ಲಿ, ತಿರುವಿನ ಹೊರಗಿನ ಅರ್ಧ ಹೊರಕ್ಕೇ ವಾಲಿರುತ್ತದೆ. 100 ಮೀಟರ್ ತ್ರಿಜ್ಯದ ತಿರುವಿನಲ್ಲಿ ಈ ವಾಲು 2.5% ಇದ್ದರೆ, ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಸಂಸ್ಥೆಯ ಸೂತ್ರದ ಪ್ರಕಾರ ಅಲ್ಲಿಗೆ ತಕ್ಕ ವೇಗ ಗಂಟೆಗೆ ಸುಮಾರು 40 ಕಿ.ಮೀ. ಮಾತ್ರ. ಹೊರ ಅಂಚು ಎತ್ತರಿಸಿ 7% ಒಳವಾಲು ಕೊಟ್ಟರೆ ಸುಮಾರು 53 ಆಗುತ್ತದೆ. ಒಂದಡಿ ಜಾಗವೂ ಹೆಚ್ಚಿಗೆ ಬೇಡ. 7 ಮೀಟರ್ ಅಗಲದ ರಸ್ತೆಯಲ್ಲಿ ಹೊರ ಅಂಚು ಒಳ ಅಂಚಿಗಿಂತ 49 ಸೆಂ.ಮೀ. ಮೇಲೆ ಬರುತ್ತದೆ, ಅಷ್ಟೇ. ಆದರೆ ಆಗ ಮಳೆನೀರೆಲ್ಲ ಒಳಬದಿಗೆ ಬರುತ್ತದೆ. ಅಲ್ಲಿನ ಚರಂಡಿ ಸರಿ ಇಲ್ಲದಿದ್ದರೆ ಮಲೆನಾಡಿನ ಮಳೆಗೆ ರಸ್ತೆ ಉಳಿಯುವುದಿಲ್ಲ.

ಇನ್ನು ತಿರುವಿನ ಒಳ ಅಂಚು ನೋಡಿ. ಡಾಂಬರು ಕಿತ್ತು ಮಣ್ಣು ಹಳ್ಳ ಬಿದ್ದಿದ್ದರೆ, ಬಸ್ಸು, ಮರದ ಲಾರಿಗಳ ಹಿಂದಿನ ಚಕ್ರ ಅಲ್ಲಿ ಹತ್ತಿ ಇಳಿಯುತ್ತಿವೆ ಅಂತ ಅರ್ಥ. 100 ಮೀಟರ್ ತ್ರಿಜ್ಯದ ತಿರುವಿಗೆ 0.9 ಮೀಟರ್ ಹೆಚ್ಚು ಅಗಲ ಬೇಕು. ಒಳಬದಿಯ ಲಂಟಾನ ಪೊದೆ ಸವರಿದರೆ ಎದುರಿನ ಗಾಡಿ ಬೇಗ ಕಾಣುತ್ತದೆ. 50 ಕಿ.ಮೀ. ವೇಗದಲ್ಲಿ ಗಾಡಿ ನಿಲ್ಲಿಸಲು 60 ಮೀಟರ್ ದೂರ ಕಾಣಬೇಕು. ಪೊದೆ ಸವರಲು ಬೇಕಾಗಿರುವುದು ಬರೀ ಕೂಲಿ, ಆದರೆ ಪ್ರತಿ ಮಳೆಗಾಲ ಮುಗಿದ ಮೇಲೂ ಮಾಡಬೇಕು.

ಹಾಗಾದರೆ ಯಾವ ತಿರುವಿಗೆ ದೊಡ್ಡ ಖರ್ಚು ಮಾಡಬಹುದು? ಅಮೆರಿಕದ ಸಾರಿಗೆ ಸಂಶೋಧನಾ ಮಂಡಳಿ 1987ರಲ್ಲೇ ಒಂದು ಅಳತೆ ಹೇಳಿತ್ತು. ತಿರುವಿನ ವಿನ್ಯಾಸಕ್ಕೆ ತಕ್ಕ ವೇಗಕ್ಕಿಂತ ಗಾಡಿಗಳು ಗಂಟೆಗೆ ಸುಮಾರು 24 ಕಿ.ಮೀ. ಜಾಸ್ತಿ ವೇಗದಲ್ಲಿ ಬರುತ್ತಿದ್ದು, ದಿನಕ್ಕೆ 750ಕ್ಕಿಂತ ಹೆಚ್ಚು ಗಾಡಿ ಓಡುತ್ತಿದ್ದರೆ, ಆ ತಿರುವನ್ನೇ ಹೊಸದಾಗಿ ಕಟ್ಟುವ ಬಗ್ಗೆ ಲೆಕ್ಕ ಹಾಕಿ ಅಂತ. ನಮಗೂ ಇದು ಒಪ್ಪುವ ಮಾತು. ಉದ್ದನೆಯ ನೇರ ರಸ್ತೆ ಮುಗಿದ ಕೂಡಲೇ ಬರುವ ಮೊದಲ ತಿರುವೇ ಹೆಚ್ಚಾಗಿ ಈ ಸಾಲಿಗೆ ಸೇರುತ್ತದೆ. ಸಾಲುಸಾಲು ತಿರುವುಗಳ ನಡುವಿನದಲ್ಲ, ಅಲ್ಲಿ ಚಾಲಕರು ಆಗಲೇ ನಿಧಾನ ಆಗಿರುತ್ತಾರೆ.

ಲೋಕೋಪಯೋಗಿ ಇಲಾಖೆಗೆ ಅರ್ಜಿ ಕೊಡುವುದಾದರೆ ಸುಮ್ನೆ ‘ತಿರುವು ನೇರ ಮಾಡಿ’ ಅಂತ ಬರೆಯಬೇಡಿ. ಯಾವ ಕಿಲೋಮೀಟರ್ ಕಲ್ಲಿನ ಹತ್ತಿರ, ವಾಲು ಯಾವ ಕಡೆಗಿದೆ, ಒಳ ಅಂಚು ಎಷ್ಟು ಕಿತ್ತಿದೆ ಎಂದು ಫೋಟೊ ಸಮೇತ ಬರೆಯಿರಿ. ಅದೂ ಎಸ್ಟಿಮೇಟ್ ಆಗುವ ಮೊದಲೇ ಕೊಡಿ. ಟೆಂಡರ್ ಆದ ಮೇಲೆ ಹೊಸ ಕೆಲಸ ಸೇರಿಸುವುದು ಬಹಳ ಕಷ್ಟ.