ಗಿಡ ಬದುಕದ ಅಂಗಳದಲ್ಲಿ ಹಸಿರು ಶಾಲೆ ಸಾಧ್ಯವೇ?

ಪ್ರಶ್ನೆ: ನಮ್ಮದು ಮಧುಗಿರಿ ಶೈಕ್ಷಣಿಕ ಜಿಲ್ಲೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಅಂಗಳವೆಲ್ಲ ಕಲ್ಲುನೆಲ, ನೀರು ಬರುವುದು ವಾರಕ್ಕೆ ಎರಡು ದಿನ. ಪ್ರತಿವರ್ಷ ಪರಿಸರ ದಿನದಂದು ಗಿಡ ನೆಡುತ್ತೇವೆ, ಒಂದೂ ಉಳಿಯುವುದಿಲ್ಲ. ನಮ್ಮಂಥ ಶಾಲೆ ‘ಹಸಿರು ಶಾಲೆ’ ಆಗುವುದು ಸಾಧ್ಯವೇ?

ಉತ್ತರ: ಸಾಧ್ಯ. ಈ ಒಂದು ಪದದ ಉತ್ತರವನ್ನು ಬೇರೆ ಬೇರೆ ಊರಿನ ಶಿಕ್ಷಕರಿಗೆ, ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರಿಗೆ, ಒಮ್ಮೆ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತಿದ್ದ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಯೊಬ್ಬರಿಗೆ (ಸಿಆರ್‌ಪಿ) ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ನಿಮ್ಮ ಕಡೆಯ ಪಾವಗಡದವರು ಕೇಳಿದರೆ ಕಲ್ಲುನೆಲದ ಮಾತು ಬರುತ್ತದೆ, ಪಟ್ಟಣದವರು ಕೇಳಿದರೆ ಜಾಗವೇ ಇಲ್ಲವೆಂಬ ಮಾತು ಬರುತ್ತದೆ. ಎರಡೂ ಪ್ರಶ್ನೆಗಳ ಬೇರು ಒಂದೇ ಆಗಿರುವುದರಿಂದ ಈ ಸಲ ಬೇರನ್ನೇ ಅಗೆದು ನೋಡುವುದು ಮೇಲು.

ಗಿಡ ನೆಟ್ಟರೆ ಶಾಲೆ ಹಸಿರಾಗುತ್ತದೆ, ನೆಡಲಾಗದಿದ್ದರೆ ಆಗುವುದಿಲ್ಲ ಎಂಬ ನಂಬಿಕೆಯೇ ಆ ಬೇರು. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ನಡೆಸುವ ಹಸಿರು ಶಾಲೆ ಕಾರ್ಯಕ್ರಮದಲ್ಲಿ ಮಕ್ಕಳು ತಮ್ಮ ಶಾಲೆಯನ್ನು ಆರು ಬಾಬುಗಳಲ್ಲಿ ತಾವೇ ತಪಾಸಣೆ ಮಾಡಬೇಕು: ಗಾಳಿ, ಶಕ್ತಿ, ಆಹಾರ, ನೆಲ, ನೀರು, ಕಸ. ಮರಗಿಡಗಳು ಬರುವುದು ನೆಲವೆಂಬ ಒಂದು ಬಾಬಿನೊಳಗೆ. ಉಳಿದ ಐದನ್ನು ಕೈಬಿಟ್ಟು, ಆರನೆಯದರ ಒಂದು ತುಂಡನ್ನು ಹಿಡಿದುಕೊಂಡು, ಅದರಲ್ಲೂ ಸೋತು, ‘ನಮ್ಮಿಂದಾಗದು’ ಎಂದು ಕೂರುವುದು ಪ್ರಶ್ನೆಪತ್ರಿಕೆಯಲ್ಲಿ ಒಂದು ಅಂಕದ ಪ್ರಶ್ನೆಗೆ ಮಾತ್ರ ಉತ್ತರ ಬರೆದು ಫಲಿತಾಂಶಕ್ಕಾಗಿ ಅತ್ತಂತೆ.

ನಿಮ್ಮ ಗಿಡಗಳು ಸಾಯುವುದಕ್ಕೆ ಕಲ್ಲುನೆಲಕ್ಕಿಂತ ಮೊದಲನೆಯ ಕಾರಣ ಕ್ಯಾಲೆಂಡರು. ಜೂನ್ 5 ಪರಿಸರ ದಿನವಾದದ್ದು 1972ರಲ್ಲಿ ಸ್ಟಾಕ್‌ಹೋಮ್‌ನ ವಿಶ್ವಸಂಸ್ಥೆಯ ಪರಿಸರ ಸಮ್ಮೇಳನ ಅಂದು ಆರಂಭವಾದ್ದರಿಂದ. ಪಾವಗಡದ ಮಳೆಯನ್ನು ಕೇಳಿ ಆ ದಿನಾಂಕವನ್ನು ಯಾರೂ ಗೊತ್ತುಮಾಡಲಿಲ್ಲ. ಮಲೆನಾಡಿನಲ್ಲಿ ಜೂನ್ ಮೊದಲ ವಾರಕ್ಕೆ ಮುಂಗಾರಿನ ನಿರೀಕ್ಷೆಯಾದರೂ ಇರುತ್ತದೆ. ಮಧುಗಿರಿ, ಶಿರಾ, ಪಾವಗಡಗಳ ಕಡೆ ನೆಲ ಚೆನ್ನಾಗಿ ನೆನೆಯುವುದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ. ಆಗಿನ ಕೇಂದ್ರ ಕೃಷಿ ಸಚಿವ ಕೆ.ಎಂ. ಮುನ್ಷಿಯವರು 1950ರಲ್ಲಿ ಆರಂಭಿಸಿದ ವನಮಹೋತ್ಸವವು ಜುಲೈ ಮೊದಲ ವಾರಕ್ಕೆ ಬರುವುದು ಜೂನ್‌ಗಿಂತ ಸ್ವಲ್ಪ ವಾಸಿ, ಆದರೂ ನಮ್ಮ ಒಣತಾಲ್ಲೂಕುಗಳಿಗೆ ಅದೂ ಬೇಗವೇ. ಹೀಗೆ ಜೂನ್‌ನಲ್ಲಿ ನೆಟ್ಟ ಸಸಿ ಎರಡು ತಿಂಗಳು ಗಾಳಿಗೆ ಒಣಗಿ, ಹಿಂಗಾರಿನಲ್ಲಿ ಹೇಗೋ ಚಿಗುರಿ, ಏಪ್ರಿಲ್ ಬರುವ ಹೊತ್ತಿಗೆ ಮೊಣಕಾಲೆತ್ತರ ಆಗಿರುತ್ತದೆ. ಆಗ ಶಾಲೆಗೆ ಬೇಸಿಗೆ ರಜೆ. ವರ್ಷದಲ್ಲಿ ಗಿಡಕ್ಕೆ ನೀರು ಅತ್ಯಗತ್ಯವಾದ ಆ ಏಳೆಂಟು ವಾರಗಳಲ್ಲಿ ಶಾಲೆಯ ಗೇಟಿಗೆ ಬೀಗ ಬಿದ್ದಿರುತ್ತದೆ, ಬೀಗಕ್ಕೆ ಅಂಜದ ಮೇಕೆಗಳು ಮಾತ್ರ ಒಳಗಿರುತ್ತವೆ.

ನಾನು ಕಂಡ ಒಂದು ಶಾಲೆಯಲ್ಲಿ ಧ್ವಜಕಂಬದ ಬಲಕ್ಕಿದ್ದ ಒಂದೇ ಗುಂಡಿಯಲ್ಲಿ ಐದು ವರ್ಷ ಐದು ಸಸಿ ನೆಟ್ಟಿದ್ದರು. ಮಕ್ಕಳು ಅದಕ್ಕೆ ‘ಜೂನ್ ಗುಂಡಿ’ ಎಂದು ಹೆಸರಿಟ್ಟಿದ್ದರು. ಹೊಸದಾಗಿ ಅಗೆಯುವ ಶ್ರಮವಿಲ್ಲ, ಮಣ್ಣು ಸಡಿಲವಾಗಿಯೇ ಇರುತ್ತದೆ. ಕಡತದಲ್ಲಿ ಮಾತ್ರ ಆ ಶಾಲೆ ಐದು ವರ್ಷಗಳಲ್ಲಿ ನೂರಕ್ಕೂ ಹೆಚ್ಚು ಸಸಿ ನೆಟ್ಟಿತ್ತು, ಛಾಯಾಚಿತ್ರಗಳೂ ಇದ್ದವು. ನಾನು ನೋಡಿರುವ ವರದಿ ನಮೂನೆಗಳಲ್ಲೆಲ್ಲ ‘ನೆಟ್ಟ ಸಸಿಗಳ ಸಂಖ್ಯೆ’ ಎಂಬ ಅಂಕಣವಿತ್ತು. ‘ಬದುಕಿರುವ ಸಸಿಗಳ ಸಂಖ್ಯೆ’ ಎಂಬ ಅಂಕಣ ಕಂಡ ನೆನಪಿಲ್ಲ. ನೆಡುವುದನ್ನು ಮಾತ್ರ ಎಣಿಸುವ ಕಡೆ ಜನ ನೆಡುವುದನ್ನು ಮಾತ್ರ ಮಾಡುತ್ತಾರೆ, ಅದಕ್ಕಾಗಿ ಮುಖ್ಯ ಶಿಕ್ಷಕರನ್ನು ದೂರಿ ಫಲವಿಲ್ಲ. ಅದೇ ದಿನ ಗೇಟಿಗೆ ‘ಹಸಿರೇ ಉಸಿರು’ ಎಂದು ಕಟ್ಟಿದ್ದ ಬ್ಯಾನರು ಪ್ಲಾಸ್ಟಿಕ್ ಫ್ಲೆಕ್ಸಿನದು ಎಂಬುದನ್ನು ಐದನೆಯ ತರಗತಿಯ ಹುಡುಗಿಯೊಬ್ಬಳು ನನಗೆ ತೋರಿಸಿದಳು. ಅವಳಿಗೆ ಯಾರೂ ಉತ್ತರ ಹೇಳಲಿಲ್ಲ, ನಾನೂ ಹೇಳಲಿಲ್ಲ.

ಇಷ್ಟು ಹೇಳಿದೊಡನೆ ಯಾರಾದರೂ ಸಾಲುಮರದ ತಿಮ್ಮಕ್ಕನ ಹೆಸರು ಎತ್ತುತ್ತಾರೆ. ‘ಓದುಬರಹ ಇಲ್ಲದ ಅಜ್ಜಿ ನೂರಾರು ಮರ ನೆಡಲಿಲ್ಲವೇ?’ ಎಂಬ ಈ ಪ್ರಶ್ನೆಗಾಗಿಯೇ ನಾನು ಕಾಯುತ್ತಿರುತ್ತೇನೆ, ಏಕೆಂದರೆ ತಿಮ್ಮಕ್ಕನ ಕಥೆಯನ್ನು ನಾವು ಮಕ್ಕಳಿಗೆ ಹೇಳುವಾಗ ಅದರ ತಿರುಳನ್ನೇ ಬಿಟ್ಟು ಹೇಳುತ್ತೇವೆ. ಹುಲಿಕಲ್ಲು ಮತ್ತು ಕುದೂರಿನ ನಡುವಿನ ರಸ್ತೆಯಲ್ಲಿ ತಿಮ್ಮಕ್ಕ ಮತ್ತು ಅವರ ಗಂಡ ಚಿಕ್ಕಯ್ಯ ಬೆಳೆಸಿದ ಆಲದ ಮರಗಳು ಸುಮಾರು 385. ಮೊದಲ ವರ್ಷ ಅವರು ನೆಟ್ಟದ್ದು ಹತ್ತೇ ಸಸಿ. ಮರುವರ್ಷ ಹದಿನೈದು, ಅದರ ಮರುವರ್ಷ ಇಪ್ಪತ್ತು ಎಂಬಂತೆ, ಕಳೆದ ವರ್ಷದವನ್ನು ಉಳಿಸಿಕೊಂಡು ಮುಂದಿನದಕ್ಕೆ ಕೈಹಾಕಿದರು. ಮೈಲಿಗಟ್ಟಲೆ ಕೊಡಗಳಲ್ಲಿ ನೀರು ಹೊತ್ತರು, ದನ ಮೇಯದಂತೆ ಮುಳ್ಳು ಕಟ್ಟಿದರು, ಮಳೆಯ ಹಂಗಾಮು ನೋಡಿ ನೆಟ್ಟರು. ನೆಟ್ಟದ್ದು ಒಂದು ಗಳಿಗೆಯ ಕೆಲಸ, ಸಾಕಿದ್ದು ವರ್ಷಗಟ್ಟಲೆಯ ಕೆಲಸ. ನಮ್ಮ ಶಾಲೆಗಳ ಭಾಷಣಗಳಲ್ಲಿ ‘ತಿಮ್ಮಕ್ಕ ನೆಟ್ಟರು’ ಎಂಬುದು ಉಳಿದು, ನೀರು ಹೊತ್ತದ್ದೂ ಮುಳ್ಳು ಕಟ್ಟಿದ್ದೂ ಕಳೆದುಹೋಗಿವೆ. ಆ ದಂಪತಿಗಳ ಲೆಕ್ಕವನ್ನು ನಿಮ್ಮ ಶಾಲೆಗೆ ಹೊಂದಿಸಿದರೆ ವರ್ಷಕ್ಕೆ ಎರಡು ಸಸಿ ಸಾಕು: ಒಂದು ಹೊಂಗೆ, ಒಂದು ಬೇವು, ಆಗಸ್ಟ್ ಕೊನೆಯಲ್ಲಿ ಒಳ್ಳೆಯ ಮಳೆ ಬಿದ್ದ ಮರುದಿನ, ಸುತ್ತ ಜಾಲಿಮುಳ್ಳಿನ ಬೇಲಿಯೊಂದಿಗೆ. ಜೂನ್ 5ರಂದು ಏನು ಮಾಡುವುದೆಂದರೆ, ಬದುಕಿರುವ ಹಳೆಯ ಗಿಡಗಳನ್ನು ಎಣಿಸಿ ಪಟ್ಟಿ ಮಾಡಿ, ಛಾಯಾಚಿತ್ರ ಬೇಕಿದ್ದರೆ ಅವುಗಳದೇ ತೆಗೆಯಬಹುದು.

ನನ್ನನ್ನು ಮರದ್ವೇಷಿ ಎಂದು ತಿಳಿಯಬಾರದು. ಮೇ ತಿಂಗಳಲ್ಲಿ ಪಾವಗಡದ ಶಾಲೆಯೊಂದರ ಹುಣಸೆ ಮರದಡಿ ಕುಳಿತವರಿಗೆ ಮರದ ಬೆಲೆಯನ್ನು ಬೇರೆ ಯಾರೂ ಹೇಳಬೇಕಿಲ್ಲ. ಆದರೆ ಅದೇ ಮರದ ತರಗೆಲೆಯನ್ನು ಗುಡಿಸಿ ಕಾಂಪೌಂಡಿನ ಮೂಲೆಯಲ್ಲಿ ಬೆಂಕಿ ಹಾಕುವುದನ್ನು ನಾನು ಅಲ್ಲಿಯೇ ನೋಡಿದ್ದೇನೆ. ತೆರೆದ ಜಾಗದಲ್ಲಿ ಕಸ ಸುಡುವುದಕ್ಕೆ ನಿಷೇಧವಿದೆ ಎಂಬುದು ಹಾಗಿರಲಿ, ಕಲ್ಲುನೆಲದ ಶಾಲೆಗೆ ಮಣ್ಣಾಗಬೇಕಾದ ವಸ್ತು ಅದೊಂದೇ. ತರಗೆಲೆ, ತರಕಾರಿ ಸಿಪ್ಪೆ, ಮೊಟ್ಟೆ ಕೊಡುವ ದಿನದ ಚಿಪ್ಪು, ಬಾಳೆಹಣ್ಣಿನ ಸಿಪ್ಪೆ ಎಲ್ಲವನ್ನೂ ಒಂದು ತಿಪ್ಪೆಗುಂಡಿಗೆ ಹಾಕಿ ಆಗಾಗ ನೀರು ಚಿಮುಕಿಸಿದರೆ ಕೆಲವೇ ತಿಂಗಳಲ್ಲಿ ಗೊಬ್ಬರ.

ಈಗ ನೀರಿಗೆ ಬರೋಣ, ನಿಮ್ಮ ಶಾಲೆಯ ನಿಜವಾದ ಪರಿಸರ ಪಾಠ ಇರುವುದು ಅಲ್ಲಿಯೇ. ಸೋರುವ ನಲ್ಲಿಯ ಚಿತ್ರ ಬರೆಸಿ ‘ಹನಿ ಹನಿ ಉಳಿಸಿ’ ಎಂದು ಬರೆಸುವುದು ವಾಡಿಕೆ. ಮಕ್ಕಳಿಂದ ಅಳತೆ ಮಾಡಿಸಿ ನೋಡಿ: ಒಂದು ಹನಿ ಹೆಚ್ಚುಕಡಿಮೆ 0.05 ಮಿಲಿಲೀಟರ್. ಸೆಕೆಂಡಿಗೆ ಒಂದು ಹನಿಯಂತೆ ಸೋರಿದರೆ ದಿನಕ್ಕೆ 86,400 ಹನಿ, ಅಂದರೆ ನಾಲ್ಕು ಲೀಟರಿಗಿಂತ ಸ್ವಲ್ಪ ಹೆಚ್ಚು. ಅದನ್ನು ನಿಲ್ಲಿಸಬೇಕು ನಿಜ. ಆದರೆ ನೀರು ಬಿಟ್ಟ ದಿನ ಮೋಟರ್ ಹಾಕಿ ಮರೆತು ಮೇಲಿನ ಟ್ಯಾಂಕ್ ತುಂಬಿ ಹತ್ತು ನಿಮಿಷ ಸುರಿಯಿತೆನ್ನಿ. ಮೋಟರ್ ನಿಮಿಷಕ್ಕೆ 60 ಲೀಟರ್ ಎತ್ತುವುದಾದರೆ ಹರಿದುಹೋದದ್ದು 600 ಲೀಟರ್, ಆ ಸೋರುವ ನಲ್ಲಿಗೆ ಇಷ್ಟು ನೀರು ಚೆಲ್ಲಲು ನಾಲ್ಕೂವರೆ ತಿಂಗಳು ಬೇಕು. ಪೋಸ್ಟರಿನಲ್ಲಿ ನಲ್ಲಿಯಿದೆ, ಟ್ಯಾಂಕ್ ಇಲ್ಲ. ಟ್ಯಾಂಕಿನ ಮೇಲೊಂದು ಕಣ್ಣಿಡುವ ಸರದಿಯನ್ನು ಮಕ್ಕಳಿಗೆ ಹಂಚಿದರೆ ಅದೇ ನಿಮ್ಮ ಇಕೋ ಕ್ಲಬ್ಬಿನ, ಅಂದರೆ ಮಕ್ಕಳ ಪರಿಸರ ಸಂಘದ, ಮೊದಲ ಕಾರ್ಯಕ್ರಮವಾಗಬಹುದು.

ಚಾವಣಿಯ ಲೆಕ್ಕ ಇನ್ನೂ ಸೊಗಸಾದದ್ದು. ಒಂದು ಚದರ ಮೀಟರ್ ಚಾವಣಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಎರಡು ಮೂರು ಕೊಠಡಿಗಳ ಚಾವಣಿ 100 ಚದರ ಮೀಟರ್ ಎಂದುಕೊಳ್ಳಿ, ವರ್ಷದ ಮಳೆ 550 ಮಿಲಿಮೀಟರ್ ಎಂದುಕೊಳ್ಳಿ. ಬಿದ್ದದ್ದು 55,000 ಲೀಟರ್. ಆವಿಯಾಗಿ, ಚೆಲ್ಲಿ, ಮೊದಲ ಮಳೆಯ ಕೊಳೆನೀರಾಗಿ ಐದನೆಯ ಒಂದು ಭಾಗ ಹೋದರೂ 44,000 ಲೀಟರ್ ಉಳಿಯಬೇಕು. ಅರವತ್ತು ಮಕ್ಕಳು ದಿನಕ್ಕೆ ಒಂದೂವರೆ ಲೀಟರಿನಂತೆ 220 ದಿನ ಕುಡಿದರೂ ಬೇಕಾಗುವುದು 19,800 ಲೀಟರ್. ನೀರಿಲ್ಲದ ಶಾಲೆಯ ತಲೆಯ ಮೇಲೆ ಅದರ ಕುಡಿಯುವ ನೀರಿನ ಎರಡರಷ್ಟು ಬಂದು ಹರಿದುಹೋಗುತ್ತಿದೆ. ಪಾವಗಡದಂತಹ ಕಡೆ ಕೊಳವೆಬಾವಿಯ ನೀರಿನಲ್ಲಿ ಹಲ್ಲಿಗೆ ಕಲೆ ತರುವ ಫ್ಲೋರೈಡ್ ಇರುವುದು ಎಲ್ಲರಿಗೂ ಗೊತ್ತು. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎನ್ನುತ್ತದೆ ಭಾರತೀಯ ಮಾನಕ. ಮಳೆನೀರಿನಲ್ಲಿ ಈ ತೊಂದರೆ ಇಲ್ಲವೆಂದೇ ಹೇಳಬೇಕು.

‘ನಮ್ಮಲ್ಲಿಯೂ ತೊಟ್ಟಿ ಕಟ್ಟಿದ್ದರು, ಹಾಳಾಯಿತು’ ಎಂದು ನೀವು ಹೇಳುವಿರೆಂದು ಗೊತ್ತು. 2006ರ ಸುಮಾರಿಗೆ ಸುವರ್ಣ ಜಲ ಯೋಜನೆಯಲ್ಲಿ ರಾಜ್ಯದ ಸಾವಿರಾರು ಗ್ರಾಮೀಣ ಶಾಲೆಗಳಿಗೆ ಮಳೆಕೊಯ್ಲಿನ ವ್ಯವಸ್ಥೆ ಬಂತು, ಅವುಗಳಲ್ಲಿ ಹಲವು ಬಳಕೆ ತಪ್ಪಿದವು. ನಾನು ನೋಡಿದ ಕಡೆಯಲ್ಲೆಲ್ಲ ತೊಟ್ಟಿ ಗಟ್ಟಿಯಾಗಿಯೇ ಇತ್ತು. ಹಾಳಾಗಿದ್ದದ್ದು ಚಾವಣಿಯಿಂದ ತೊಟ್ಟಿಗೆ ಬರುವ ಕೊಳವೆ, ಎಂದೂ ತೊಳೆಯದ ಸೋಸುಗುಂಡಿ. ಕೊಳವೆಗೆ ನೂರಾರು ರೂಪಾಯಿ, ಮರಳುಜಲ್ಲಿ ತೊಳೆಯುವುದಕ್ಕೆ ವರ್ಷಕ್ಕೆ ಒಂದು ಶನಿವಾರ. ಆದರೆ ಅದು ಯಾರ ಕೆಲಸವೆಂದು ಯಾವ ವೇಳಾಪಟ್ಟಿಯಲ್ಲೂ ಬರೆದಿರಲಿಲ್ಲ. ಜೂನ್ ಗುಂಡಿಗೂ ಈ ತೊಟ್ಟಿಗೂ ಆದದ್ದು ಒಂದೇ ಗತಿ. ದೊಡ್ಡ ದುರಸ್ತಿಯೇ ಬೇಕಾದರೆ ಪಂಚಾಯಿತಿಗೆ ಹೋಗಿ ಕೇಳಿ, ನರೇಗಾ ಹಣದಲ್ಲಿ ಶಾಲಾ ಕಾಂಪೌಂಡು, ಆಟದ ಮೈದಾನ, ಮಳೆಕೊಯ್ಲುಗಳ ಕೆಲಸ ನಮ್ಮ ರಾಜ್ಯದಲ್ಲಿ ನಡೆದಿದೆ.

ಇನ್ನು ಬಿಸಿಯೂಟದ ತಟ್ಟೆ ತೊಳೆದ ನೀರು. ತಟ್ಟೆಗೆ ಎರಡು ಲೀಟರ್ ಹಿಡಿದರೂ ಅರವತ್ತು ಮಕ್ಕಳಿಗೆ ದಿನಕ್ಕೆ 120 ಲೀಟರ್. ಜಿಡ್ಡು ಹಿಡಿಯಲು ಒಂದು ಜಲ್ಲಿಗುಂಡಿ ಮಾಡಿ ಆಚೆ ಪಾತಿಗೆ ಬಿಟ್ಟರೆ ನಾಲ್ಕು ನುಗ್ಗೆ, ಎರಡು ಪರಂಗಿ, ಒಂದು ಕರಿಬೇವು ಧಾರಾಳವಾಗಿ ಬದುಕುತ್ತವೆ. ನುಗ್ಗೆಸೊಪ್ಪು ಮರಳಿ ಸಾರಿಗೆ ಹೋಗುತ್ತದೆ. ಬರಪೀಡಿತವೆಂದು ಘೋಷಿತವಾದ ತಾಲ್ಲೂಕುಗಳಲ್ಲಿ ಬೇಸಿಗೆ ರಜೆಯಲ್ಲೂ ಬಿಸಿಯೂಟ ನಡೆಸಿದ ವರ್ಷಗಳಿವೆ. ಅಂಥ ವರ್ಷ ನಿಮ್ಮ ಗಿಡಗಳ ನಿಜವಾದ ಪಾಲಕರು ಅಡುಗೆಯ ಅಕ್ಕಂದಿರು, ಅವರ ಬಳಿ ಗೇಟಿನ ಕೀಲಿಯೂ ಇರುತ್ತದೆ. ಅವರನ್ನು ಇಕೋ ಕ್ಲಬ್ಬಿನ ಸಭೆಗೆ ಕರೆದ ಶಾಲೆ ಮಾತ್ರ ನನ್ನ ಕಣ್ಣಿಗೆ ಬಿದ್ದಿಲ್ಲ.

ಇಲ್ಲಿಗೆ ನಿಮ್ಮ ಪ್ರಶ್ನೆಗೆ ಉತ್ತರ ಮುಗಿಯಿತು. ಆದರೆ ನೀವು ಕೇಳದ, ಕೇಳಬೇಕಿದ್ದ ಇನ್ನೊಂದು ಪ್ರಶ್ನೆ ಇದೆ: ಇದನ್ನೆಲ್ಲ ಯಾವ ಪೀರಿಯಡ್ಡಿನಲ್ಲಿ ಮಾಡಿಸುವುದು? ಒಂದರಿಂದ ಐದರವರೆಗೆ ಪರಿಸರ ಅಧ್ಯಯನವೆಂಬ ವಿಷಯವಿದೆ. ಆರಕ್ಕೆ ಬಂದೊಡನೆ ಅದು ವಿಜ್ಞಾನ ಮತ್ತು ಸಮಾಜ ವಿಜ್ಞಾನವಾಗಿ ಒಡೆಯುತ್ತದೆ, ಪರಿಸರವೆಂಬ ಹೆಸರು ವೇಳಾಪಟ್ಟಿಯಿಂದ ಮಾಯವಾಗುತ್ತದೆ. ಪರಿಸರ ವಕೀಲ ಎಂ.ಸಿ. ಮೆಹ್ತಾ ಅವರ ಅರ್ಜಿಯಲ್ಲಿ ಸರ್ವೋಚ್ಚ ನ್ಯಾಯಾಲಯ 1991ರಲ್ಲೇ ಶಾಲೆಗಳಲ್ಲಿ ಪರಿಸರವನ್ನು ಕಡ್ಡಾಯವಾಗಿ ಕಲಿಸಬೇಕೆಂದು ಹೇಳಿತ್ತು, 2003ರಲ್ಲಿ ಪಠ್ಯಕ್ರಮ ಸಿದ್ಧಪಡಿಸುವಂತೆ ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಮಂಡಳಿಗೆ (ಎನ್‌ಸಿಇಆರ್‌ಟಿ) ನಿರ್ದೇಶಿಸಿತು. ಮೇಲಿನ ತರಗತಿಗಳಲ್ಲಿ ಅದನ್ನು ಎಲ್ಲ ವಿಷಯಗಳೊಳಗೆ ಬೆರೆಸಿ ಕಲಿಸುವ ದಾರಿ ಬಂತು. ಎಲ್ಲ ವಿಷಯಗಳಿಗೂ ಸೇರಿದ್ದು ಯಾವ ಶಿಕ್ಷಕರಿಗೂ ಸೇರದೇ ಹೋಗುವ ಅಪಾಯ ಇದರಲ್ಲಿದೆ ಎಂಬುದು ನನ್ನ ಆಕ್ಷೇಪ. ಆದರೂ ಬೇರೆ ಪೀರಿಯಡ್ಡು ಕೊಡಿ ಎಂದು ಕ್ಷೇತ್ರ ಶಿಕ್ಷಣಾಧಿಕಾರಿಗಳ (ಬಿಇಒ) ಕಚೇರಿಗೆ ಅರ್ಜಿ ಹಿಡಿದು ಹೋಗುವ ಅಗತ್ಯ ಕಾಣುವುದಿಲ್ಲ. ಚಾವಣಿಯ ವಿಸ್ತೀರ್ಣ ಆರು, ಏಳನೆಯ ತರಗತಿಯ ಗಣಿತ. ಫ್ಲೋರೈಡ್ ಮತ್ತು ಹಲ್ಲಿನ ಕಲೆ ವಿಜ್ಞಾನ. ಪಾವಗಡ ತಾಲ್ಲೂಕಿನ ತಿರುಮಣಿಯ ಸುತ್ತ 13,000 ಎಕರೆ ಜಮೀನನ್ನು ರೈತರಿಂದ ಗುತ್ತಿಗೆಗೆ ಪಡೆದು 2,050 ಮೆಗಾವ್ಯಾಟ್ ಸೌರ ವಿದ್ಯುತ್ ಸ್ಥಾವರ ಮಾಡಿದ್ದು, ಕೆಲವರಿಗೆ ಬಾಡಿಗೆ ಬಂದದ್ದು, ಜಮೀನಿಲ್ಲದವರಿಗೆ ಏನು ಬಂತೆಂಬ ಚರ್ಚೆ ಸಮಾಜ ವಿಜ್ಞಾನ. ಪಾವಗಡದ ಮಕ್ಕಳು ದೂರದ ಅಮೆಜಾನ್ ಕಾಡಿನ ಬಗ್ಗೆ ಬರೆಯುವಷ್ಟು ಚೆನ್ನಾಗಿ ತಮ್ಮ ಊರಿನ ಈ ಸೌರಫಲಕಗಳ ಬಗ್ಗೆ ಬರೆಯುವುದಿಲ್ಲ. ಏಕೆಂದರೆ ಅದು ಪರೀಕ್ಷೆಗೆ ಬರುವುದಿಲ್ಲ.

ಒಂದು ನೂರು ಪುಟದ ನೋಟ್‌ಬುಕ್ ತೆಗೆದಿಟ್ಟುಕೊಳ್ಳಿ. ಟ್ಯಾಂಕ್ ತುಂಬಿದ ದಿನ, ಮಳೆ ಬಿದ್ದ ಮಿಲಿಮೀಟರ್, ಉಳಿದ ಅನ್ನದ ತೂಕ, ಬದುಕಿರುವ ಗಿಡಗಳ ಸಂಖ್ಯೆ ಇಷ್ಟನ್ನು ಅದರಲ್ಲಿ ಬರೆಯಬೇಕು. ಬರೆಯುವ ಕೆಲಸವನ್ನು ಶಿಕ್ಷಕರು ಇಟ್ಟುಕೊಳ್ಳಬಾರದು, ವರ್ಗಾವಣೆಯೊಂದಿಗೆ ಪುಸ್ತಕವೂ ಹೋಗುತ್ತದೆ. ಏಳನೆಯ ತರಗತಿಯವರಿಗೂ ಕೊಡಬಾರದು, ವರ್ಷದ ಕೊನೆಗೆ ಅವರು ಟಿ.ಸಿ. ಪಡೆದು ಹೈಸ್ಕೂಲಿಗೆ ಹೊರಡುತ್ತಾರೆ. ಆರನೆಯ ತರಗತಿಯ ಇಬ್ಬರಿಗೆ ಕೊಡಿ, ಏಳಕ್ಕೆ ಹೋದಾಗ ಅವರೇ ಮಾರ್ಚ್ ತಿಂಗಳಲ್ಲಿ ಕೆಳಗಿನವರಿಗೆ ಲೆಕ್ಕ ಒಪ್ಪಿಸಿ ಪುಸ್ತಕ ದಾಟಿಸಲಿ.